ಓಪನ್ ಸೋರ್ಸ್ ಬಳಗಕ್ಕೆ ಸಹಾಯದ ಕಟ್ಟೆ ಎಲ್ಲಿ ಕಟ್ಟೋಣ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಫಾಂಟ್ ಮತ್ತು ಕೀಲಿಮಣೆಯ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ) ತಂತ್ರಾಂಶದ ಒಂದು ಸಣ್ಣ ಬಳಗದಲ್ಲಿ ಬಳಕೆದಾರರ ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ ನನ್ನದು. ಹೊಸದಾಗಿ ಪ್ರಾಜೆಕ್ಟ್ ಶುರು ಮಾಡಿದವರು ಸಿಕ್ಕಾಗ, ಮೇಲ್ ಬರೆದಾಗ, ಕಾಮೆಂಟ್ ಹಾಕಿದಾಗ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಅವನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಯಾವ ವೇದಿಕೆಯನ್ನಾದರೂ ನಾನು ನೋಡುವುದು ಒಂದೇ ಕಣ್ಣಿಂದ: ಇವತ್ತು ಒಬ್ಬರಿಗೆ ಕೊಟ್ಟ ಉತ್ತರ, ಎರಡು ವರ್ಷ ಆದಮೇಲೆ ನಮ್ಮ ಗುರುತೇ ಇಲ್ಲದ ಇನ್ನೊಬ್ಬರ ಕೈಗೆ ಸಿಗುತ್ತದಾ?

## ಶುರು ಮಾಡುವವರಿಗೆ

"ಪ್ರಾಜೆಕ್ಟ್ ಇನ್ನೂ ಚಿಕ್ಕದು ಸಾರ್. ಗಿಟ್‌ಹಬ್ ಇಶ್ಯೂಗಳೇ ಸಾಲಲ್ವಾ?"

ಸದ್ಯಕ್ಕೆ ಸಾಕು. ಗಿಟ್‌ಹಬ್ ಅಂದರೆ ಕೋಡ್ ಇಡುವ ತಾಣ, ಇಶ್ಯೂ ಅಂದರೆ ಅಲ್ಲಿ ತೊಂದರೆ ಬರೆದು ತಿಳಿಸುವ ಪುಟ. ವಾರಕ್ಕೆ ಒಂದೆರಡು ಪ್ರಶ್ನೆ ಬರುವ ಹೊತ್ತಿಗೇ ದೊಡ್ಡ ಫೋರಂ ಕಟ್ಟಿದರೆ ಅದು ಯಾರೂ ಇಲ್ಲದ ಮನೆ ಥರ ಕಾಣುತ್ತದೆ. ಬಂದವರು ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾರೆ.

"ಇನ್‌ಸ್ಟಾಲ್ ಆಗ್ತಿಲ್ಲ", "ಇದನ್ನ ಹೇಗೆ ಬಳಸೋದು" ಅನ್ನುವವು ನಿಜವಾದ ಬಗ್‌ಗಳ ನಡುವೆ ತುಂಬಿಕೊಂಡು, ಕೋಡ್ ಬರೆಯುವವರಿಗೆ ಇಶ್ಯೂ ಪಟ್ಟಿ ತೆರೆಯೋಕೇ ಬೇಜಾರಾದಾಗ ಬೇರೆ ಜಾಗ ಬೇಕು. ಮೊದಲಿಗೆ ಅದೇ ರೆಪೊಸಿಟರಿಯಲ್ಲಿ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇರುವ ಜಾಗ) ಡಿಸ್ಕಶನ್ಸ್ ಅನ್ನುವ ಚರ್ಚೆಯ ಭಾಗವನ್ನು ಆನ್ ಮಾಡಿ ನೋಡಿ. 2021ರಿಂದ ಅದು ಎಲ್ಲರಿಗೂ ಸಿಗುತ್ತಿದೆ. ಇಶ್ಯೂವನ್ನು ಅಲ್ಲಿಗೆ ದಾಟಿಸಬಹುದು, ಸರಿಯಾದ ಉತ್ತರಕ್ಕೆ ಗುರುತು ಹಾಕಬಹುದು.

ಆದರೆ ನಿಮ್ಮ ಬಳಕೆದಾರರು ಯಾರು ಅಂತ ನೋಡಿಕೊಳ್ಳಿ. ಪ್ರೋಗ್ರಾಮರ್‌ಗಳಾದರೆ ಅವರಿಗೆ ಗಿಟ್‌ಹಬ್ ಖಾತೆ ಇದ್ದೇ ಇರುತ್ತದೆ. ಶಾಲೆಯ ಮೇಷ್ಟ್ರು, ಡಿಟಿಪಿ ಅಂಗಡಿಯವರು, ಪತ್ರಿಕೆಯ ಪುಟ ಕಟ್ಟುವವರು ಖಾತೆ ತೆರೆಯುವ ಪುಟದಲ್ಲೇ ಕೈಬಿಡುತ್ತಾರೆ. ಅವರ ಪ್ರಶ್ನೆ ನಿಮಗೆ ತಲುಪುವುದೇ ಇಲ್ಲ.

"ವಾಟ್ಸಾಪ್ ಗುಂಪಿದೆಯಲ್ಲ ಅಣ್ಣಾ, ಎಲ್ಲರೂ ಅಲ್ಲೇ ಇದಾರೆ. ಮತ್ಯಾಕೆ ಇನ್ನೊಂದು?"

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಹತ್ತು ಗಂಟೆ ಹೊತ್ತಿಗೆ ಡಿಟಿಪಿ ಅಂಗಡಿಯವರೊಬ್ಬರು ಗುಂಪಿಗೆ ಫೋಟೋ ಹಾಕಿದರು. ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದದ್ದು. ಮದುವೆಯ ಲಗ್ನಪತ್ರಿಕೆ. "ಶ್ರೀಮತಿ" ಅನ್ನುವುದು ಒಡೆದು, ಶ ಬೇರೆ, ರೀ ಬೇರೆ ಆಗಿ ನಿಂತಿತ್ತು. ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಅಂತ ಕೆಳಗೆ ಬರೆದಿದ್ದರು. ತಪ್ಪು ಫಾಂಟಿನದಾಗಿರಲಿಲ್ಲ. ಪುಟ ಕಟ್ಟುವ ತಂತ್ರಾಂಶದಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನುವ ಸೆಟ್ಟಿಂಗ್ ಇರುತ್ತದೆ. ಅದನ್ನು ವರ್ಲ್ಡ್ ರೆಡಿ ಕಂಪೋಸರ್‌ಗೆ ಬದಲಿಸಿದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ. ಎರಡು ನಿಮಿಷದಲ್ಲಿ ಹೇಳಿದೆವು, ಸರಿಹೋಯಿತು, ಅವರು ಕೈಮುಗಿಯುವ ಚಿತ್ರ ಕಳಿಸಿದರು.

ಮೂರು ವಾರಕ್ಕೆ ಇನ್ನೊಬ್ಬರಿಂದ ಅದೇ ಥರದ ಫೋಟೋ. ಆಮೇಲೆ ಮತ್ತೊಬ್ಬರಿಂದ. ಪ್ರತಿ ಸಲ ಹೊಸದಾಗಿ ಹೇಳಿದೆವು. ನಮ್ಮ ಗುಂಪಿನ ಹೊರಗೆ ಇದೇ ತೊಂದರೆಯಲ್ಲಿ ಇದ್ದವರಿಗೆ ಆ ಉತ್ತರ ಒಮ್ಮೆಯೂ ಕಾಣಿಸಲಿಲ್ಲ. ಗೂಗಲ್‌ಗೆ ವಾಟ್ಸಾಪ್ ಒಳಗಿನದು ಕಾಣುವುದಿಲ್ಲ. ಇವತ್ತು ಸೇರಿದವರಿಗೆ ಹೋದ ವರ್ಷದ ಮಾತು ಕಾಣುವುದಿಲ್ಲ. ಒಂದು ಗುಂಪಿಗೆ 1,024 ಜನರ ಮಿತಿ ಇದೆ. ಸೇರಿದವರ ಫೋನ್ ನಂಬರ್ ಉಳಿದವರಿಗೆಲ್ಲ ಸಿಗುತ್ತದೆ. ಈ ಕಾರಣಕ್ಕೇ ಸೇರಲು ಹಿಂಜರಿದ ಹೆಣ್ಣುಮಕ್ಕಳು ನಮ್ಮಲ್ಲಿ ಇದ್ದಾರೆ.

ಗುಂಪನ್ನು ಮುಚ್ಚಿ ಅಂತ ನಾನು ಹೇಳಲ್ಲ. ಹರಟೆಗೆ, ಊರಿನ ಭೇಟಿ ಗೊತ್ತುಮಾಡೋಕೆ ಅದು ಚೆನ್ನಾಗಿದೆ. ಉತ್ತರವನ್ನು ಮಾತ್ರ ಎಲ್ಲರಿಗೂ ಕಾಣುವ ಕಡೆ ಬರೆದು, ಅದರ ಕೊಂಡಿಯನ್ನು ಗುಂಪಿಗೆ ಹಾಕಿ. ನಾವು ಈಗ ಹಾಗೇ ಮಾಡುತ್ತೇವೆ.

"ಮೇಲಿಂಗ್ ಲಿಸ್ಟ್, ಫೋರಂ, ಚಾಟ್... ಏನು ವ್ಯತ್ಯಾಸ ಇವಕ್ಕೆಲ್ಲ?"

ಮೇಲಿಂಗ್ ಲಿಸ್ಟ್‌ನಲ್ಲಿ ಮಾತು ನಿಮ್ಮ ಮೇಲ್ ಪೆಟ್ಟಿಗೆಗೆ ಬರುತ್ತದೆ. ಫೋರಂನಲ್ಲಿ ನೀವೇ ಮಾತು ಇರುವ ಕಡೆ ಹೋಗುತ್ತೀರಿ. ಒಂದು ಪ್ರಶ್ನೆಗೆ ಒಂದು ಪುಟ, ಆ ಪುಟಕ್ಕೆ ಒಂದು ವಿಳಾಸ. ಚಾಟ್‌ನಲ್ಲಿ ಮಾತು ಹರಿದು ಹೋಗುತ್ತದೆ, ಆ ಹೊತ್ತಿಗೆ ಇದ್ದವರಿಗೆ ಸಿಕ್ಕಿತು.

ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆಯ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರಿಟ್ಟಿದ್ದಾರೆ. ನನಗೆ ಆ ಹೆಸರು ತುಂಬಾ ಇಷ್ಟ. ಊರಿಗೆ ಹೊಸದಾಗಿ ಬಂದವರೂ ಯಾರನ್ನೂ ಕೇಳದೆ ಬಂದು ಕೂರಬಹುದು, ಅಲ್ವಾ? ಸಹಾಯದ ಜಾಗವೂ ಹಾಗೇ ಇರಬೇಕು. ಲಾಗಿನ್ ಆಗದೆಯೇ ಓದೋಕೆ ಆಗಬೇಕು.

## ಆಯ್ಕೆ ಮಾಡುವ ಹೊತ್ತಿಗೆ

"ಮೇಲಿಂಗ್ ಲಿಸ್ಟ್ ಕಾಲ ಮುಗೀತು ಅಂತಾರೆ. ನಿಜಾನಾ?"

ಎಲ್ಲ ಕಡೆ ಇಲ್ಲ. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸ ಇವತ್ತಿಗೂ ಮೇಲಿಂಗ್ ಲಿಸ್ಟ್‌ಗಳ ಮೇಲೇ ನಡೆಯುತ್ತಿದೆ. ಪ್ಯಾಚ್ (ಕೋಡ್‌ಗೆ ಮಾಡಿದ ತಿದ್ದುಪಡಿ) ಕಳಿಸುವುದು, ಅದನ್ನು ಸಾಲು ಸಾಲಾಗಿ ನೋಡಿ ತಿದ್ದುವುದು, ಎಲ್ಲಾ ಮೇಲ್‌ನಲ್ಲೇ. ಆ ಬಗೆಯ ಕೆಲಸಕ್ಕೆ ಅದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ ಅಂತ ಅಲ್ಲಿರುವ ಹಲವರ ನಂಬಿಕೆ.

ಬಳಕೆದಾರರ ಸಹಾಯದ ಮಾತೇ ಬೇರೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರು 2022ರಲ್ಲಿ ತಮ್ಮ ಮುಖ್ಯ ಡೆವಲಪರ್ ಪಟ್ಟಿಯ ಚರ್ಚೆಯನ್ನೇ ಡಿಸ್ಕೋರ್ಸ್ ಅನ್ನುವ ಫೋರಂಗೆ ಸಾಗಿಸಿದರು. ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಗ್ನೋಮ್ ಬಳಗವೂ ಅದೇ ವರ್ಷ ಮೇಲಿಂಗ್ ಲಿಸ್ಟ್‌ಗಳನ್ನು ಮುಚ್ಚಿತು. ಹೊಸಬರಿಗೆ ಪಟ್ಟಿಗೆ ಸೇರುವ ಕ್ರಮವೇ ಅರ್ಥವಾಗುವುದಿಲ್ಲ. ಒಂದು ಪ್ರಶ್ನೆ ಕೇಳೋಕೆ ಸೇರಿದರೆ ದಿನಕ್ಕೆ ಮೂವತ್ತು ಮೇಲ್ ಬರುತ್ತದೆ ಅಂತ ಗಾಬರಿಯಾಗುತ್ತಾರೆ.

ಇನ್ನೊಂದು ತೊಂದರೆ ಹೊರಗಿನವರಿಗೆ ಕಾಣುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ (ಮೇಲ್ ನಿಜವಾಗಿ ಯಾರು ಕಳಿಸಿದ್ದು ಅಂತ ಪರೀಕ್ಷಿಸುವ) ನಿಯಮ ಬಿಗಿಮಾಡಿತು. ಯಾಹೂ ವಿಳಾಸದಿಂದ ಬಂದ ಮೇಲನ್ನು ಬೇರೆ ಸರ್ವರ್ ಕಳಿಸಿದರೆ ತಿರಸ್ಕರಿಸಿ ಅಂತ ಅದರ ಅರ್ಥ. ಮೇಲಿಂಗ್ ಲಿಸ್ಟ್ ಮಾಡುವುದೇ ಅದನ್ನ: ಒಬ್ಬರ ಮೇಲನ್ನು ಎಲ್ಲರಿಗೂ ತಾನು ಕಳಿಸುವುದು! ಮೇಲ್‌ಮ್ಯಾನ್ ಮುಂತಾದ ಪಟ್ಟಿ ನಡೆಸುವ ತಂತ್ರಾಂಶಗಳು ಕಳಿಸಿದವರ ವಿಳಾಸವನ್ನು ಬದಲಿಸಿ ದಾರಿ ಕಂಡುಕೊಂಡವು. ಅಂದಿನಿಂದ ಪಟ್ಟಿಯ ಮೇಲ್ ಸ್ಪ್ಯಾಮ್‌ಗೆ ಬೀಳದಂತೆ ನೋಡಿಕೊಳ್ಳುವುದೇ ನಡೆಸುವವರಿಗೆ ಒಂದು ಕೆಲಸ.

"ಎಲ್ಲರೂ ಡಿಸ್ಕೋರ್ಸ್ ಡಿಸ್ಕೋರ್ಸ್ ಅಂತಾರೆ. ಅಂಥಾದ್ದೇನಿದೆ ಅದರಲ್ಲಿ?"

2013ರಲ್ಲಿ ಬಂದ ಫೋರಂ ತಂತ್ರಾಂಶ. ಅದೂ ಓಪನ್ ಸೋರ್ಸ್. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದವರಲ್ಲಿ ಒಬ್ಬರಾದ ಜೆಫ್ ಅಟ್‌ವುಡ್ ಇದನ್ನು ಶುರು ಮಾಡಿದವರಲ್ಲೂ ಒಬ್ಬರು. ನಮ್ಮ ದೇಶದಲ್ಲಿ ವ್ಯವಹಾರದ ತಂತ್ರಾಂಶ ಕಟ್ಟುವ ಫ್ರಾಪೆ ಮತ್ತು ಇಆರ್‌ಪಿನೆಕ್ಸ್ಟ್ ಬಳಗ, ಓಪನ್ ಸೋರ್ಸ್ ಬೆಂಬಲಿಸುವ ಫಾಸ್ ಯುನೈಟೆಡ್ ಸಂಸ್ಥೆ ಎರಡೂ ಇದನ್ನೇ ಬಳಸುತ್ತವೆ.

ಸಹಾಯದ ಕೆಲಸಕ್ಕೆ ನಿಜವಾಗಿ ಒದಗುವ ಮೂರ್ನಾಲ್ಕು ಸಂಗತಿ ಅದರಲ್ಲಿವೆ. ಪ್ರಶ್ನೆಯ ತಲೆಬರಹ ಟೈಪ್ ಮಾಡುತ್ತಿದ್ದಂತೆ ಅದೇ ಥರದ ಹಳೇ ಪ್ರಶ್ನೆಗಳು ಪಕ್ಕದಲ್ಲಿ ಕಾಣುತ್ತವೆ. ಎಷ್ಟೋ ಜನ ಅಲ್ಲೇ ಉತ್ತರ ನೋಡಿಕೊಂಡು, ಕೇಳದೆಯೇ ಹೋಗುತ್ತಾರೆ. ಸರಿಯಾದ ಉತ್ತರಕ್ಕೆ ಗುರುತು ಹಾಕಿದರೆ ಅದು ಪ್ರಶ್ನೆಯ ಕೆಳಗೇ ಬಂದು ಕೂರುತ್ತದೆ. ಮೇಲ್‌ನಲ್ಲೇ ಉತ್ತರಿಸುವ ವ್ಯವಸ್ಥೆ ಹಾಕಿಕೊಂಡರೆ ಹಳೇ ಮೇಲಿಂಗ್ ಲಿಸ್ಟ್‌ನವರೂ ಮುನಿಸಿಕೊಳ್ಳುವುದಿಲ್ಲ. ಹೊಸಬರಿಗೆ ಕಡಿಮೆ, ಹಳಬರಿಗೆ ಜಾಸ್ತಿ ಅಧಿಕಾರ ಕೊಡುವ ನಂಬಿಕೆಯ ಮೆಟ್ಟಿಲುಗಳಿವೆ. ಇದರಿಂದ ಸ್ಪ್ಯಾಮ್ ಬಹಳ ಮಟ್ಟಿಗೆ ತಡೆಯುತ್ತದೆ.

ಕಷ್ಟವೂ ಇದೆ. ಒಂದೇ ಸರ್ವರನ್ನು ಹಲವು ತಾಣಗಳು ಹಂಚಿಕೊಳ್ಳುವ ಸಣ್ಣ ಹೋಸ್ಟಿಂಗ್‌ನಲ್ಲಿ ಇದು ಓಡುವುದಿಲ್ಲ. ಡಾಕರ್ (ತಂತ್ರಾಂಶವನ್ನು ಬೇಕಾದ ಸಾಮಾನು ಸಮೇತ ಪ್ರತ್ಯೇಕವಾಗಿ ಓಡಿಸುವ ಸಾಧನ) ಹಾಕಿದ ಸ್ವಂತ ಸರ್ವರ್, ಕನಿಷ್ಠ 1 ಜಿಬಿ ರ‍್ಯಾಮ್ ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬೇಕು. 2 ಜಿಬಿ ಇದ್ದರೆ ನಿರಾಳ. ಹಳೇ ಮೊಬೈಲ್, ನಿಧಾನದ ನೆಟ್‌ವರ್ಕ್ ಇರುವವರಿಗೆ ಪುಟ ಸ್ವಲ್ಪ ಭಾರ ಅನಿಸುತ್ತದೆ.

"ಚಾಟ್ ಬೇಕೇ ಬೇಕು ಅಂತ ಹುಡುಗರು ಹಟ ಹಿಡಿದಿದ್ದಾರೆ. ಡಿಸ್ಕಾರ್ಡಾ, ಟೆಲಿಗ್ರಾಂ, ಮೇಟ್ರಿಕ್ಸಾ, ಇನ್ಯಾವುದು?"

ಹುಡುಗರ ಹಟದಲ್ಲಿ ನ್ಯಾಯ ಇದೆ. ಮೊದಲ ಪ್ಯಾಚ್ ಕಳಿಸುವವರಿಗೆ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನುವ ಧೈರ್ಯ ಚಾಟ್‌ನಿಂದಲೇ ಬರುತ್ತದೆ.

ಐಆರ್‌ಸಿ ಅನ್ನುವ ಹಳೇ ಚಾಟ್ ವ್ಯವಸ್ಥೆ 1988ರದ್ದು, ಇನ್ನೂ ಜೀವಂತವಾಗಿದೆ. ಆದರೆ ನೀವು ಹೊರಗೆ ಹೋದ ಹೊತ್ತಿನ ಮಾತು ನಿಮಗೆ ಸಿಗಲ್ಲ, ಮೊಬೈಲ್‌ಗೆ ಒಗ್ಗಲ್ಲ. ಟೆಲಿಗ್ರಾಂ ನಮ್ಮ ಕಡೆ ಬಹಳ ಜನಕ್ಕೆ ರೂಢಿ, 2 ಲಕ್ಷ ಜನರವರೆಗೆ ಸೇರಬಹುದು, ಹೊಸಬರಿಗೂ ಹಳೇ ಮಾತು ಕಾಣುವಂತೆ ಇಡಬಹುದು. ಅದರ ಸರ್ವರ್ ಕೋಡ್ ಮಾತ್ರ ಮುಚ್ಚಿದ್ದು. ಡಿಸ್ಕಾರ್ಡ್ ಬಳಸೋಕೆ ಸೊಗಸು, ದನಿಯಲ್ಲಿ ಮಾತಾಡಬಹುದು, ಆದರೆ ಒಳಗಿನ ಉತ್ತರ ಹುಡುಕು ಯಂತ್ರಗಳಿಗೆ ಸಿಗಲ್ಲ. ಸ್ಲ್ಯಾಕ್ ಉಚಿತ ಖಾತೆಯಲ್ಲಿ 2022ರ ಸೆಪ್ಟೆಂಬರ್‌ನಿಂದ 90 ದಿನದ ಮಾತು ಮಾತ್ರ ಕಾಣುತ್ತದೆ. ಸಹಾಯದ ಜಾಗಕ್ಕೆ ಅದು ಸಾಲದು.

ಮೇಟ್ರಿಕ್ಸ್ ಮುಕ್ತ ಪ್ರೋಟೋಕಾಲ್, ಅಂದರೆ ಯಾರು ಬೇಕಾದರೂ ಬಳಸಬಹುದಾದ ಚಾಟ್ ನಿಯಮಗಳ ಕಟ್ಟು. ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾ 2020ರಲ್ಲಿ ಐಆರ್‌ಸಿ ಬಿಟ್ಟು ಅಲ್ಲಿಗೆ ಹೋಯಿತು. ಬೇರೆ ಬೇರೆ ಸರ್ವರ್‌ನವರೂ ಒಂದೇ ಕೋಣೆಯಲ್ಲಿ ಮಾತಾಡಬಹುದು. ಹೊಸಬರಿಗೆ ಸರ್ವರ್ ಆರಿಸುವುದು, ಮಾತನ್ನು ಗುಟ್ಟಾಗಿಡುವ ಎನ್‌ಕ್ರಿಪ್ಶನ್ ಕೀಲಿ ಕಾಪಾಡಿಕೊಳ್ಳುವುದು ಮೊದಮೊದಲು ಗೊಂದಲ. ಎಲ್ಲರಿಗೂ ತೆರೆದ ಸಹಾಯದ ಕೋಣೆಗೆ ಎನ್‌ಕ್ರಿಪ್ಶನ್ ಹಾಕಬೇಡಿ, ಬೇಕಾಗಿಲ್ಲ.

ನನ್ನ ಒಲವು ಜೂಲಿಪ್ ಅನ್ನುವ ಚಾಟ್ ಕಡೆಗೆ. ಅಲ್ಲಿ ಪ್ರತಿ ಮಾತಿಗೂ ಒಂದು ವಿಷಯದ ಹೆಸರು ಇರುತ್ತದೆ. ಒಂದೇ ಚಾನೆಲ್‌ನಲ್ಲಿ "ಅರ್ಕಾವೊತ್ತು ಒಡೆಯುತ್ತಿದೆ", "ವಿಂಡೋಸ್ 11ರಲ್ಲಿ ಕೀಲಿಮಣೆ" ಎರಡೂ ಬೇರೆ ಬೇರೆ ಎಳೆಯಾಗಿ ಉಳಿಯುತ್ತವೆ. ಎರಡು ದಿನ ಬಿಟ್ಟು ಬಂದವರೂ ಬೇಕಾದ ಎಳೆ ಹಿಡಿದು ಉತ್ತರಿಸಬಹುದು. ಚಾನೆಲನ್ನು ಲಾಗಿನ್ ಇಲ್ಲದೆ ಓದುವಂತೆ ತೆರೆದಿಡಬಹುದು. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಅವರ ಕ್ಲೌಡ್ ಸೇವೆ ಉಚಿತ. ರಸ್ಟ್ ಭಾಷೆಯ ತಂಡಗಳು ಅಲ್ಲೇ ಕೆಲಸ ಮಾಡುತ್ತವೆ.

"ಓಪನ್ ಸೋರ್ಸ್ ಬಳಗ ಅಂದಮೇಲೆ ವೇದಿಕೆಯೂ ಓಪನ್ ಸೋರ್ಸೇ ಆಗಿರಬೇಕಾ?"

ಆಗಿದ್ದರೆ ಒಳ್ಳೆಯದು. ಆದರೆ ನಾನು ಮೊದಲು ಕೇಳುವುದು ಇದನ್ನು: ನಾಳೆ ಮನೆ ಖಾಲಿ ಮಾಡಬೇಕಾಗಿ ಬಂದರೆ ಸಾಮಾನು ಎತ್ತಿಕೊಂಡು ಹೋಗಬಹುದಾ? ಡಿಸ್ಕೋರ್ಸ್‌ನ ಬ್ಯಾಕಪ್‌ನಲ್ಲಿ ಇಡೀ ಡೇಟಾಬೇಸ್ ಬರುತ್ತದೆ. ಮೇಲಿಂಗ್ ಲಿಸ್ಟ್‌ನದ್ದು ಎಲ್ಲ ಮೇಲ್‌ಗಳೂ ಒಟ್ಟಿಗಿರುವ ಎಂಬಾಕ್ಸ್ ಫೈಲ್. ಡಿಸ್ಕಾರ್ಡ್‌ನಲ್ಲಿ ಇಡೀ ಸರ್ವರ್‌ನ ಮಾತನ್ನು ಇಳಿಸಿಕೊಳ್ಳುವ ಗುಂಡಿ ನಿರ್ವಾಹಕರಿಗೆ ಇಲ್ಲ.

ಮನೆ ಖಾಲಿ ಮಾಡುವ ದಿನ ಹೇಳಿ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಅನ್ನುವ ದೊಡ್ಡ ಐಆರ್‌ಸಿ ಜಾಲದ ಒಡೆತನದ ಜಗಳ ಹೊರಗೆ ಬಂತು. ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಕಟ್ಟಿದರು. ಉಬುಂಟು, ವಿಕಿಮೀಡಿಯದಂಥ ಬಳಗಗಳು ಅವರ ಹಿಂದೆ ಹೋದವು. 2025ರ ಜೂನ್‌ನಲ್ಲಿ ಸರ್ವರ್‌ಗಳನ್ನು ನಿಭಾಯಿಸುವ ತಂತ್ರಾಂಶ ಕುಬರ್ನೆಟೀಸ್‌ನ ಬಳಗಕ್ಕೆ, ನಿಮ್ಮ ಸ್ಲ್ಯಾಕ್ ಕೆಲವೇ ದಿನದಲ್ಲಿ ಮಾಮೂಲಿ ಉಚಿತ ಖಾತೆ ಆಗುತ್ತದೆ ಅಂತ ಸುದ್ದಿ ಬಂತು. ಆಮೇಲೆ ಆ ತೀರ್ಮಾನ ಹಿಂದೆ ಹೋಯಿತು. ಅಷ್ಟು ದೊಡ್ಡ ಬಳಗಕ್ಕೇ ಹೀಗಾದರೆ ನಮ್ಮಂಥ ಸಣ್ಣವರಿಗೆ ಕರೆದು ಹೇಳುವವರು ಯಾರು?

"ಸ್ಟ್ಯಾಕ್ ಓವರ್‌ಫ್ಲೋದಲ್ಲಿ ನಮ್ಮ ಹೆಸರಿನ ಟ್ಯಾಗ್ ಇದ್ದರೆ ಸಾಕಲ್ವಾ?"

ಪ್ರೋಗ್ರಾಮರ್‌ಗಳು ಬಳಸುವ ಲೈಬ್ರರಿ ಆದರೆ ಒಳ್ಳೆಯ ಪೂರಕ. ಒಂದೇ ನೆಲೆಯಾಗಿ ಸಾಲದು. ಅಭಿಪ್ರಾಯ ಕೇಳುವ, ಚರ್ಚೆ ಬೇಕಾದ ಪ್ರಶ್ನೆಗಳನ್ನು ಅಲ್ಲಿ ಮೊದಲಿಂದ ಮುಚ್ಚುತ್ತಾ ಬಂದಿದ್ದಾರೆ. ಇಂಗ್ಲಿಷ್ ಬಿಟ್ಟರೆ ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ಜಾಗ ಇದೆ. ಕನ್ನಡಕ್ಕೆ ಇಲ್ಲ.

"ಕಂಪನಿಗಳ ಥರ ಟಿಕೆಟ್ ವ್ಯವಸ್ಥೆ ಇಟ್ಕೊಂಡ್ರೆ?"

ದುಡ್ಡು ತಗೊಂಡು ಸೇವೆ ಕೊಡುವವರಿಗೆ ಸರಿ. ಟಿಕೆಟ್‌ನಲ್ಲಿ ಮಾತು ಇಬ್ಬರ ನಡುವೆ ಉಳಿಯುತ್ತದೆ, ಮೂರನೆಯವರು ಬಂದು ಸಹಾಯ ಮಾಡೋಕೆ ಆಗಲ್ಲ. ಭದ್ರತೆಯ ಲೋಪ ತಿಳಿಸುವುದಕ್ಕೆ ಮಾತ್ರ ಬೇರೆಯವರಿಗೆ ಕಾಣದಂತೆ ಬರೆಯಬಹುದಾದ ಒಂದು ಮೇಲ್ ವಿಳಾಸ ಪ್ರತಿ ಪ್ರಾಜೆಕ್ಟ್‌ಗೂ ಬೇಕು.

## ನಡೆಸುತ್ತಾ ಹೋದಂತೆ

"ಸರ್ವರ್ ನಾವೇ ನೋಡ್ಕೋಬೇಕಾ, ದುಡ್ಡು ಕೊಟ್ಟು ಬೇರೆಯವರ ಹತ್ರ ಇಡಬೇಕಾ?"

ರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡುವವರು ಇಬ್ಬರಾದರೂ ಇದ್ದಾರಾ? ಇದ್ದರೆ ನೀವೇ ನೋಡಿಕೊಳ್ಳಿ. ಒಬ್ಬರೇ ಆದರೆ ಬೇಡ. ಅವರಿಗೆ ಪರೀಕ್ಷೆ, ಮದುವೆ, ಹೊಸ ಕೆಲಸ ಏನಾದರೂ ಬರುತ್ತದೆ. ಪಾಸ್‌ವರ್ಡ್ ಅವರ ಹತ್ತಿರವೇ ಉಳಿದುಬಿಡುತ್ತದೆ.

ಸರ್ವರ್ ಬಾಡಿಗೆಗಿಂತ ಮೇಲ್ ಕಳಿಸುವುದೇ ಜಾಸ್ತಿ ತಲೆನೋವು. ಹಲವು ಕ್ಲೌಡ್ ಕಂಪನಿಗಳು ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿರುತ್ತವೆ. ಮೇಲ್ ಕಳಿಸಲು ಬೇರೆ ಸೇವೆ ಹಿಡಿದು, ಮೇಲ್ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಡೊಮೇನ್‌ಗೆ ಹಾಕಬೇಕು. ಡೊಮೇನ್ ಅಂದಾಗ ನೆನಪಾಯಿತು: ಅದನ್ನು ಒಬ್ಬರ ಖಾಸಗಿ ಖಾತೆಯಲ್ಲಿ ಕೊಳ್ಳಬೇಡಿ. ಬಳಗದ ಖಾತೆಯಲ್ಲಿ ಇರಲಿ, ನವೀಕರಣದ ತಾರೀಕು ಮೂವರಿಗೆ ಗೊತ್ತಿರಲಿ.

"ಕನ್ನಡದಲ್ಲಿ ಹುಡುಕಿದ್ರೆ ಉತ್ತರ ಇದ್ರೂ ಸಿಗಲ್ಲ. ಯಾಕೆ ಹೀಗೆ?"

ಇದನ್ನು ಕೇಳಿದವರು ಒಬ್ಬ ಮೇಡಂ. ಫೋರಂನಲ್ಲಿ "ಫಾಂಟ್" ಅಂತ ಹುಡುಕಿದ್ದರು. ಉತ್ತರದಲ್ಲಿ "ಫಾಂಟನ್ನು ಬದಲಿಸಿ" ಅಂತ ಇತ್ತು. ಸಿಗಲಿಲ್ಲ.

ಕಾರಣ ಬರಹದ ಒಳಗಿದೆ. "ಫಾಂಟ್" ಕೊನೆಯಲ್ಲಿ ಟ ಆದಮೇಲೆ ಒಂದು ಹಲಂತದ ಗುರುತು ಇದೆ. "ಫಾಂಟನ್ನು" ಅನ್ನುವಲ್ಲಿ ಟ ಆದಮೇಲೆ ನೇರವಾಗಿ ನ ಬರುತ್ತದೆ. ಪದದ ಮೊದಲ ಭಾಗ ಹೋಲಿಸಿ ನೋಡುವ ಹುಡುಕಾಟಕ್ಕೂ ಇವೆರಡು ಬೇರೆ ಬೇರೆ. "ಫಾಂಟ್‌ನಲ್ಲಿ" ಅಂತ ಬರೆದಾಗ ಟ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಕೂತಿರುತ್ತದೆ. ಒತ್ತಕ್ಷರ ಆಗದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಅದು. ಕೆಲವರು ಹಾಕುತ್ತಾರೆ, ಕೆಲವರು "ಫಾಂಟಿನಲ್ಲಿ" ಅಂತ ಬರೆದುಬಿಡುತ್ತಾರೆ.

ಇಂಗ್ಲಿಷ್‌ನಲ್ಲಾದರೆ ಪದದ ಬಾಲ ಕತ್ತರಿಸಿ ಬೇರನ್ನು ಹೋಲಿಸುವ ನಿಯಮಗಳನ್ನು ಡೇಟಾಬೇಸೇ ಇಟ್ಟುಕೊಂಡಿರುತ್ತದೆ. ಡಿಸ್ಕೋರ್ಸ್ ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹಿಂದಿ, ತಮಿಳು, ನೇಪಾಳಿಗೆ ಅಂಥ ನಿಯಮ ಇದೆ. ಕನ್ನಡಕ್ಕೆ ಇನ್ನೂ ಇಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ, ಬಹುವಚನ, "ಊ", "ಏ" ಎಲ್ಲಾ ಪದದ ಬಾಲಕ್ಕೇ ಅಂಟುವುದರಿಂದ ಪೆಟ್ಟು ಜಾಸ್ತಿ. ಈ ಪುಟ ಓದುತ್ತಿರುವ ಯಾರಾದರೂ ಆ ನಿಯಮಗಳನ್ನು ಬರೆದು, ಇಂಥವನ್ನು ಕೂಡಿಡುವ ಸ್ನೋಬಾಲ್ ಯೋಜನೆಗೆ ಕೊಟ್ಟರೆ ಎಷ್ಟು ಜನಕ್ಕೆ ಉಪಕಾರ ಆದೀತು!

ಅಲ್ಲಿಯವರೆಗೆ ನಾವು ಮಾಡುವುದು ಇಷ್ಟು. ಹುಡುಕುವವರಿಗೆ ಕೊನೆಯ ಹಲಂತ ಬಿಟ್ಟು "ಫಾಂಟ" ಅಂತ ಟೈಪ್ ಮಾಡಲು ಹೇಳುತ್ತೇವೆ. ಉತ್ತರ ಸಿಕ್ಕ ಪ್ರಶ್ನೆಗಳಿಗೆ ಟ್ಯಾಗ್ ಹಾಕುತ್ತೇವೆ. ತಲೆಬರಹವನ್ನು ತಿದ್ದುತ್ತೇವೆ: "ಅರ್ಜೆಂಟ್ ಸಹಾಯ ಮಾಡಿ" ಅಂತ ಇದ್ದದ್ದು "ಪುಟವಿನ್ಯಾಸದಲ್ಲಿ ಒತ್ತಕ್ಷರ ಒಡೆಯುತ್ತಿದೆ" ಅಂತ ಆಗುತ್ತದೆ.

"ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋರನ್ನ ತಡೀಬೇಕಾ?"

ಬೇಡ. ಕೀಲಿಮಣೆ ಕೆಲಸ ಮಾಡ್ತಿಲ್ಲ ಅಂತ ಕೇಳೋಕೆ ಬಂದವರು ಕನ್ನಡ ಅಕ್ಷರದಲ್ಲಿ ಹೇಗೆ ಕೇಳಿಯಾರು? ಉತ್ತರವನ್ನು ನೀವು ಕನ್ನಡ ಲಿಪಿಯಲ್ಲಿ ಕೊಡಿ.

"ಉತ್ತರ ಹೇಳೋರು ನಾವಿಬ್ಬರೇ. ಸಾಕಾಗಿಹೋಗಿದೆ."

ಈ ಮಾತು ಕೇಳಿದಾಗ ನನಗೆ ಸಂಕಟ ಆಗುತ್ತದೆ. ವೇದಿಕೆ ಬದಲಿಸಿದರೆ ಇದು ಪೂರ್ತಿ ಹೋಗುವುದಿಲ್ಲ.

ನಮಗೆ ಒದಗಿದ್ದು ಒಂದು ಸಣ್ಣ ಅಭ್ಯಾಸ. ಅರ್ಜೆಂಟ್ ಇಲ್ಲದ ಪ್ರಶ್ನೆಗೆ ನಾನು ಒಂದು ದಿನ ಸುಮ್ನೆ ಇರುತ್ತೇನೆ. ಗೊತ್ತಿದ್ದರೂ ಹೇಳಲ್ಲ. ಆ ಒಂದು ದಿನದಲ್ಲಿ ಬೇರೆ ಬಳಕೆದಾರರು ಉತ್ತರಿಸಲು ಕಲಿತರು. ಲಗ್ನಪತ್ರಿಕೆಯ ಫೋಟೋ ಹಾಕಿದ್ದ ಆ ಡಿಟಿಪಿಯವರೇ ಈಗ ಒತ್ತಕ್ಷರದ ಪ್ರಶ್ನೆಗಳಿಗೆ ನನಗಿಂತ ಚೆನ್ನಾಗಿ, ಪರದೆಯ ಚಿತ್ರ ಸಮೇತ ಹೇಳುತ್ತಾರೆ. ಅವರು ತಪ್ಪು ಹೇಳಿದಾಗ ಎಲ್ಲರೆದುರು ತಿದ್ದುವುದಿಲ್ಲ. ಖಾಸಗಿಯಾಗಿ ಬರೆಯುತ್ತೇನೆ, ಅವರೇ ತಿದ್ದಿಕೊಳ್ಳುತ್ತಾರೆ.

ವಾರದ ಸರದಿ ಹಾಕಿಕೊಳ್ಳಿ. ಸರದಿ ಇಲ್ಲದ ವಾರ ನೋಟಿಫಿಕೇಶನ್ ಬಂದ್ ಮಾಡಿ. ಮೂರು ಸಲ ಬಂದ ಪ್ರಶ್ನೆಯನ್ನು ಕೈಪಿಡಿಗೆ ಸೇರಿಸಿ.

"ಎಐ ಎಲ್ಲಾ ಹೇಳುತ್ತೆ ಈಗ. ಸಹಾಯದ ವೇದಿಕೆ ಇನ್ಯಾಕೆ?"

ಎಷ್ಟೋ ಜನ ಮೊದಲು ಅಲ್ಲೇ ಕೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಎಐ ಕಲಿತದ್ದು ಎಲ್ಲರಿಗೂ ಕಾಣುವಂತೆ ಬರೆದಿಟ್ಟ ಉತ್ತರಗಳಿಂದ. ಕನ್ನಡ ತಂತ್ರಾಂಶದ ಬಗ್ಗೆ ಹಾಗೆ ಬರೆದಿಟ್ಟದ್ದೇ ಕಡಿಮೆ. ಹೋದ ವಾರ ಬಿಟ್ಟ ಆವೃತ್ತಿಯ ತೊಂದರೆ ಅದಕ್ಕೆ ಗೊತ್ತಿರಲ್ಲ, ಆದರೂ ಗೊತ್ತಿದ್ದಂತೆ ಹೇಳಿಬಿಡುತ್ತದೆ. ಎಐ ಬರೆದುಕೊಟ್ಟದ್ದನ್ನು ತಾವು ಮಾಡಿ ನೋಡದೆ ಉತ್ತರವಾಗಿ ಅಂಟಿಸಬಾರದು ಅಂತ ನಮ್ಮಲ್ಲಿ ನಿಯಮ ಇದೆ.

"ಸರ್ಕಾರ ಬ್ಲಾಕ್ ಮಾಡಿಬಿಟ್ರೆ ಏನು ಗತಿ?"

ಆಗಿದ್ದೂ ಇದೆ. 2023ರ ಮೇ ತಿಂಗಳಲ್ಲಿ ಭದ್ರತೆಯ ಕಾರಣ ಕೊಟ್ಟು ಕೇಂದ್ರ ಸರ್ಕಾರ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆಯಿತು. ಎಲಿಮೆಂಟ್, ಬ್ರಯರ್ ಎರಡೂ ಓಪನ್ ಸೋರ್ಸ್, ಎರಡೂ ಆ ಪಟ್ಟಿಯಲ್ಲಿದ್ದವು. ಎಲಿಮೆಂಟ್ ಎಂಬುದು ಮೇಟ್ರಿಕ್ಸ್‌ಗೆ ಒಂದು ಬಾಗಿಲು ಅಷ್ಟೇ. ಅದೇ ಕೋಣೆಗೆ ಬೇರೆ ಆ್ಯಪ್‌ಗಳಿಂದಲೂ ಹೋಗಬಹುದು. ಒಂದೇ ಕಂಪನಿಯ ಒಂದೇ ಆ್ಯಪ್ ಆಗಿದ್ದರೆ ಆ ದಾರಿ ಇರುತ್ತಿರಲಿಲ್ಲ. ಏನೇ ಆರಿಸಿದರೂ ಬಳಗದ ಜನರನ್ನು ತಲುಪಲು ಎರಡನೇ ದಾರಿ ಒಂದು ಇರಲಿ. ಸುದ್ದಿ ತಿಳಿಸುವ ಮೇಲ್ ಪಟ್ಟಿಯಾದರೂ ಸಾಕು.

"ಹತ್ತು ವರ್ಷದ ಹಳೇ ಮೇಲಿಂಗ್ ಲಿಸ್ಟ್ ಇದೆ. ಹೊಸ ಕಡೆಗೆ ಹೇಗೆ ಸಾಗಿಸೋದು?"

ಆತುರ ಬೇಡ. ಮೊದಲು ಪಟ್ಟಿಯಲ್ಲೇ ತಿಳಿಸಿ, ತಿಂಗಳಾದರೂ ಸಮಯ ಕೊಡಿ. ಹೆಚ್ಚು ಉತ್ತರ ಕೊಡುವ ಐದಾರು ಜನರನ್ನು ಹೊಸ ಜಾಗಕ್ಕೆ ಮೊದಲೇ ಕರೆದು ಬಳಸಿ ನೋಡಲು ಹೇಳಿ. ಅವರು ಬರದಿದ್ದರೆ ಉಳಿದವರು ಬಂದೂ ಪ್ರಯೋಜನ ಇಲ್ಲ.

ಎಂಬಾಕ್ಸ್ ಫೈಲ್ ಇದ್ದರೆ ಡಿಸ್ಕೋರ್ಸ್‌ಗೆ ತುಂಬಿಸುವ ಸ್ಕ್ರಿಪ್ಟ್ ಸಿಗುತ್ತದೆ. ಮೊದಲು ಪರೀಕ್ಷೆಯ ಸರ್ವರ್‌ನಲ್ಲಿ ಓಡಿಸಿ. ಹಳೇ ಕನ್ನಡ ಮೇಲ್‌ಗಳಲ್ಲಿ ಯೂನಿಕೋಡ್ ಅಲ್ಲದ ಬರಹ ಇರಬಹುದು. ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ತುಂಬಿಸುವ ಮುಂಚೆಯೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಮೇಲೆ ಮಾಡುವುದು ಬಲು ಕಷ್ಟ. ಮೇಲ್‌ನ ಅಡಿಯಲ್ಲಿ ಜನ ಬರೆದಿರುವ ಫೋನ್ ನಂಬರ್, ಮನೆ ವಿಳಾಸಗಳನ್ನು ತೆಗೆದುಬಿಡಿ. ಅವರು ಅದನ್ನು ಬರೆದದ್ದು ನೂರು ಜನರ ಪಟ್ಟಿಗೆ.

ಹಳೇ ಪಟ್ಟಿಗೆ ಹೊಸ ಮೇಲ್ ಬರದಂತೆ ಮಾಡಿ, ಸಂಗ್ರಹವನ್ನು ಓದಲು ಹಾಗೇ ಇಡಿ. ಎಲ್ಲೋ ಯಾರೋ ಆ ಕೊಂಡಿಗಳನ್ನು ಬರೆದಿಟ್ಟಿರುತ್ತಾರೆ. ವಿಳಾಸ ಬದಲಾಗಲೇಬೇಕು ಅಂದರೆ ಪ್ರತಿ ಹಳೇ ಪುಟದಿಂದ ಅದರದೇ ಹೊಸ ಪುಟಕ್ಕೆ ದಾರಿ ಕೊಡಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ನಾವು ಸಾಗಿಸಿದಾಗ ಈ ಪಟ್ಟಿ ಮಾಡಲು ಇಬ್ಬರು ಎರಡು ಭಾನುವಾರ ಕೂತಿದ್ದರು. ಹಳೇ ಕೊಂಡಿ ಹಿಡಿದು ಬಂದವರು ಇವತ್ತಿಗೂ ನೇರವಾಗಿ ಉತ್ತರದ ಪುಟದಲ್ಲೇ ಇಳಿಯುತ್ತಾರೆ.